ನೀರು ಕೊಡದ ಒಂಬತ್ತು ದಿನ

ಪ್ರಹ್ಲಾದಾಚಾರ್ಯರು ತೀರಿಕೊಂಡು ಹನ್ನೊಂದು ದಿನವಾಯಿತು. ವಾಡಿ ಜಂಕ್ಷನ್ನಿನ ಪ್ಲಾಟ್‌ಫಾರ್ಮಿನಲ್ಲಿ ಇಪ್ಪತ್ತೆರಡು ವರ್ಷ ಹಿಂದೂ ಪ್ರಯಾಣಿಕರಿಗೆ ನೀರು ಕೊಟ್ಟವರು ಅವರು. ಮುಸಲ್ಮಾನರಿಗೆ ಕೊಡುತ್ತಿದ್ದವನು ಅಬ್ದುಲ್ ಮಜೀದ. ಇಬ್ಬರ ಕೊಡಗಳು ಬೇರೆ, ಲೋಟಗಳು ಬೇರೆ. ನಲ್ಲಿ ಒಂದೇ, ಗಾಡಿಯಿಲ್ಲದ ಹೊತ್ತಿಗೆ ಕೂಡುವ ಬೆಂಚೂ ಒಂದೇ.

ಕೂಡುತ್ತಿದ್ದವನು ಮಜೀದ ಮಾತ್ರ. ಆಚಾರ್ಯರು ಕೂತವರಲ್ಲ. ಗಾಡಿ ಹೋದ ಮೇಲೂ ಹುಣಸೆಹಣ್ಣು ಹಾಕಿ ತಾಮ್ರದ ಕೊಡ ತಿಕ್ಕುವರು, ತಿಕ್ಕಿದ್ದನ್ನೇ ಮತ್ತೆ ತಿಕ್ಕುವರು. ಹೆಂಡತಿ ಭಾಮಾ ಚಿತ್ತಾಪುರದಲ್ಲಿ ವಾಂತಿಭೇದಿಯಿಂದ ಸತ್ತಿದ್ದಳು. ಹನಿ ನೀರು ಕೊಟ್ಟರೂ ವಾಂತಿ ಹೆಚ್ಚುತ್ತದೆ ಎಂದು ಮನೆಯ ಹಿರಿಯರು ಹೇಳಿದರು, ಇವರು ನಂಬಿದರು. ಎರಡು ದಿನ ಆಕೆ ನೀರು ಕೇಳಿದಳು. ತಂಬಿಗೆ ಇವರ ಕೈಯಲ್ಲೇ ಇತ್ತು. ಕರ್ಮ ಮುಗಿಸಿ ವಾಡಿಗೆ ಬಂದು ಈ ಕೆಲಸವನ್ನೇ ಕೇಳಿ ಪಡೆದರು. ಆಮೇಲೆ ಕೈ ಚಾಚಿದ ಯಾರಿಗೂ ಇಲ್ಲವೆನ್ನಲಿಲ್ಲ.

ಎರಡನೆಯ ಮಹಾಯುದ್ಧ ಶುರುವಾಗುವ ಮುಂಚಿನ ವರ್ಷ ದೀಪಾವಳಿ ಕಳೆದ ಮೇಲೆ, ಸಿಗ್ನಲ್ ಇನ್ಸ್‌ಪೆಕ್ಟರ್ ಸಾಹೇಬ ತನ್ನ ಗಿಡ್ಡ ಮರವನ್ನು ಇಂಥ ಆಚಾರ್ಯರ ಕೈಗೆ ಒಪ್ಪಿಸಿ ವಿಲಾಯತಿಗೆ ಹೋದ. ಮುಂಬಯಿಯಲ್ಲಿ ಜಪಾನಿ ವ್ಯಾಪಾರಿಯೊಬ್ಬನಿಂದ ಕೊಂಡ ಜುನಿಪರ್ ಅದು. ತಟ್ಟೆಯಂಥ ಕುಂಡ, ಒಂದೂವರೆ ಗೇಣು ಎತ್ತರ, ಗಾಳಿಗೆ ಬಾಗಿದಂಥ ಕಾಂಡ, ನಲವತ್ತು ವರ್ಷ ವಯಸ್ಸು. ಬಂದು ನೋಡುತ್ತೇನೆ, ಉಳಿಸಿರು ಎಂದ. ಮಣ್ಣು ಒಣಗಿದರೆ ಮಾತ್ರ ನೀರು ಎಂದು ಎರಡು ಸಲ ಹೇಳಿದ. ಆಚಾರ್ಯರಿಗೆ ಅರ್ಥವಾಗಿತ್ತು, ನಂಬಿಕೆಯಾಗಲಿಲ್ಲ. ನಲವತ್ತು ವರ್ಷದ ಜೀವ ಗೇಣುದ್ದ ಉಳಿದಿದೆಯೆಂದರೆ ಯಾರೋ ಅದನ್ನು ಹೊಟ್ಟೆಗಿಲ್ಲದೆ ಇಟ್ಟಿದ್ದಾರೆ ಎಂದೇ ಅವರ ಎಣಿಕೆ.

ಕುಂಡವನ್ನು ಬೆಂಚಿನ ಪಕ್ಕ ಇಟ್ಟುಕೊಂಡು ಗಾಡಿಗೊಂದು ಲೋಟದಂತೆ ನೀರು ಹಾಕಿದರು. ನೋಡಿದವರೂ ಕನಿಕರಪಟ್ಟು ಹಾಕಿದರು. ಪುಷ್ಯದ ಹೊತ್ತಿಗೆ ತುದಿಗಳು ಕಂದಿದವು. ಆಚಾರ್ಯರು ಇನ್ನಷ್ಟು ಹಾಕಿದರು.

"ನಿಮ್ಮ ಹಿಂದೂ ಪಾನಿ ಅದಕ್ಕ ಒಗ್ಗವಲ್ದು ಆಚಾರ್ರೆ," ಮಜೀದ ನಗೆಯಾಡಿದ. "ನನ್ನ ಕೊಡದಾಂದು ಹಾಕಿ ನೋಡ್ಲೇನು?"

"ಸುಮ್ ಕುಂದ್ರೊ ಮಾರಾಯಾ. ಜೀವ ಹೋಗ್ಲಿಕತ್ತದ, ನಿನಗ ಚಾಷ್ಟಿ."

ಅದನ್ನು ಕೇಳಿಸಿಕೊಂಡವಳು ಹೀರಾಬಾಯಿ. ಶಹಾಬಾದದ ಹೊಳೆದಂಡೆಯವಳು, ಚಳಿಗಾಲದಲ್ಲಿ ಬಾರೆಹಣ್ಣು, ಬೇಸಿಗೆಯಲ್ಲಿ ಕಾಗಿಣಾ ಹೊಳೆಯ ಉಸುಕಿನಲ್ಲಿ ಬೆಳೆದ ಕಲ್ಲಂಗಡಿ ತಂದು ಗಾಡಿಗಳಿಗೆ ಮಾರುವಳು. ಬುಟ್ಟಿ ಇಳಿಸಿ, ಕುಂಡ ಓರೆ ಮಾಡಿ ಮರವನ್ನು ಮಣ್ಣು ಸಮೇತ ಎತ್ತಿಬಿಟ್ಟಳು. ಗಟಾರದ ವಾಸನೆ ಬಂತು. ಬೇರುಗಳು ಅರ್ಧಕ್ಕರ್ಧ ಕಪ್ಪಗಾಗಿದ್ದವು.

"ಇದಕ್ಕ ನೀರಡಿಕಿ ಆಗಿಲ್ರಿ ಆಚಾರ್ರೆ. ಮುಳುಗಿಸಿ ಕೊಲ್ಲಾಕತ್ತೀರಿ. ನಾವು ಬಳ್ಳಿ ಉಸುಕಿನಾಗ ಯಾಕ ಹಾಕ್ತೀವಿ? ಬೇರು ಉಸುರಾಡಬೇಕಂತ."

ಮರುದಿನ ದಪ್ಪ ಉಸುಕು ತಂದಳು. ಕೊಳೆತ ಬೇರು ಕತ್ತರಿಸಿದಳು, ಕುಂಡದ ತೂತು ಬಿಡಿಸಿದಳು, ಹಸಿ ಉಸುಕಿಗೆ ಚೂರು ಮಣ್ಣು ಬೆರೆಸಿ ಮರವನ್ನು ನೆಟ್ಟಳು.

"ಬೊಟ್ಟು ಹಾಕಿ ನೋಡ್ರಿ. ಒಳಗ ಒಣಗೋತನಕ ಒಂದ್ ಹನಿ ಹಾಕಬ್ಯಾಡ್ರಿ."

"ಇದೇ ಮಾತು ಚಿತ್ತಾಪುರದಾಗೂ ಹೇಳಿದ್ರು," ಎಂದರು ಆಚಾರ್ಯರು.

ಹೀರಾಬಾಯಿಗೆ ತಿಳಿಯಲಿಲ್ಲ. ತಿಳಿದ ಮಜೀದ ತಲೆ ತಗ್ಗಿಸಿದ.

ಆ ದಿನಗಳು ಆಚಾರ್ಯರಿಗೆ ಕಳೆಯಲೊಲ್ಲವು. ತಮ್ಮ ಪಾಳಿಯದಲ್ಲದ ಗಾಡಿಗೂ ನೀರು ಹಿಡಿದು ಓಡಿದರು. ಹತ್ತು ಸಲ ಬೆರಳು ಹಾಕಿದರು, ಹಸಿ. ಮರ ಹಸಿರಾಗಿಯೇ ಕಾಣುತ್ತಿತ್ತು, ಆದರೆ ಸತ್ತ ಮೇಲೂ ಈ ಜಾತಿ ತಿಂಗಳುಗಟ್ಟಲೆ ಹಸಿರಿರುತ್ತದೆ ಎಂದು ಸಾಹೇಬ ಹೇಳಿದ್ದ. ಹಾಗಾದರೆ ತಾವು ನೋಡುತ್ತಿರುವುದು ಜೀವವೋ, ಹೆಣವೋ? ನಾಲ್ಕನೆಯ ದಿನ ತಡೆಯದಾಯಿತು. ಲೋಟ ತುಂಬಿಕೊಂಡು ಕುಂಡದ ಮುಂದೆ ಬಗ್ಗಿದರು.

ಮಜೀದ ಬೆಂಚಿನಿಂದ ಎದ್ದು ಬಂದು ಲೋಟ ಕಸಿದುಕೊಂಡು ಗಟಗಟನೆ ಕುಡಿದುಬಿಟ್ಟ.

ಪ್ಲಾಟ್‌ಫಾರ್ಮಿನ ಮೇಲಿದ್ದವರೆಲ್ಲ ನೋಡಿದರು. ಆಚಾರ್ಯರು ಖಾಲಿ ಕೈ ಹಾಗೇ ಹಿಡಿದು ನಿಂತರು.

"ಈ ಲೋಟಾ ಇನ್ನ ನಂದಾತು," ಎಂದ ಮಜೀದ, ಬಾಯಿ ಒರೆಸಿಕೊಳ್ಳುತ್ತ. "ಬ್ಯಾರೆ ತುಂಬ್ಕೊಂಡ್ ಬರ್ರಿ, ಅದನ್ನೂ ಕುಡೀತೀನಿ. ನಿಮ್ಮ ಹಂತೇಲಿ ಎಷ್ಟು ಲೋಟಾ ಅವ, ನೋಡೇಬಿಡೂಣು."

ಆಚಾರ್ಯರಿಗೆ ಸಿಟ್ಟು ಬರಬೇಕಿತ್ತು. ಬಂದದ್ದು ಅಳು. ಕೊಡ ತೊಳೆಯುವ ನೆಪದಲ್ಲಿ ನಲ್ಲಿಯ ಕಡೆ ಹೋದರು.

ಒಂಬತ್ತನೆಯ ದಿನ ಬೆರಳ ಎರಡನೆಯ ಗೆಣ್ಣಿನ ತನಕ ಉಸುಕು ಒಣಗಿತ್ತು. ಹೀರಾಬಾಯಿಯನ್ನು ಕರೆದು ತೋರಿಸಿದರು. ಅವಳೂ ಬೆರಳಿಟ್ಟಳು.

"ಈಗ ಹಾಕ್ರಿ."

ಆಚಾರ್ಯರು ಮಜೀದನ ಕಡೆ ಕೈ ಚಾಚಿದರು. "ನಿನ್ನ ಲೋಟಾ ಕೊಡು."

ಅದೇ ಲೋಟದಲ್ಲಿ ನಿಧಾನವಾಗಿ ಹಾಕಿದರು. ತಳದ ತೂತಿನಿಂದ ನೀರು ಇಳಿಯಿತು. ಚೈತ್ರದಲ್ಲಿ ಕಂದಿದ ತುದಿಗಳ ಪಕ್ಕ ಎಳೆಹಸಿರು ಒಡೆಯಿತು. ಯುದ್ಧ ಬಂತು, ಸಾಹೇಬ ಮರಳಲಿಲ್ಲ, ಮರ ಆಚಾರ್ಯರಲ್ಲೇ ಉಳಿಯಿತು.

ಮರ ಬದುಕಿದ್ದರಿಂದ ಅವರಿಗೆ ಸಮಾಧಾನವಾಯಿತು ಎಂದು ಬರೆದರೆ ಸುಳ್ಳಾದೀತು. ನೀರು ಕೊಡದೆ ಇಲ್ಲಿ ಉಳಿಸಿದರು. ಕೊಟ್ಟಿದ್ದರೆ ಅಲ್ಲಿ ಭಾಮಾ ಉಳಿಯುತ್ತಿದ್ದಳೇ? ಕೊಡ ತಿಕ್ಕುವುದನ್ನು ಅವರು ಕೊನೆಯ ತನಕ ಬಿಡಲಿಲ್ಲ.

ಈ ಹನ್ನೊಂದು ದಿನವೂ ಬಂದವರೆಲ್ಲ ಆಚಾರ್ಯರ ನೆನಪಿಗೆಂದು ಮರಕ್ಕೆ ನೀರು ಹಾಕಲು ಬಗ್ಗುತ್ತಾರೆ. ಮಜೀದ ಲೋಟವನ್ನು ಬೋರಲು ಹಾಕಿಕೊಂಡು ಕುಂಡದ ಪಕ್ಕದಲ್ಲೇ ಕೂತಿದ್ದಾನೆ.

"ಬ್ಯಾಡ್ರಿ," ಎನ್ನುತ್ತಾನೆ, ಬೆರಳು ತೋರಿಸಿ. "ಇನ್ನಾ ಹಸಿ ಅದ."