ಅಲ್ ಐನ್ ಎಂಬ ಕೆಳಗಿನ ತಂಡ

ನನಗೊಂದು ಕೆಟ್ಟ ಚಟವಿದೆ. ಅರ್ಧ ಗೊತ್ತಿರುವ ವಿಷಯವನ್ನು ಪೂರ್ತಿ ಗೊತ್ತಿರುವವನ ಗತ್ತಿನಲ್ಲಿ ಹೇಳಿಬಿಡುವುದು. ಜೆಬೆಲ್ ಅಲಿಯ ನಮ್ಮ ಗೋದಾಮಿನಲ್ಲಿ ಬೇಸ್‌ಬಾಲ್ ಹುಚ್ಚಿನ ಅಮೆರಿಕದ ಮ್ಯಾನೇಜರ್ ಒಬ್ಬನಿದ್ದಾನೆ. ಅವರ ಕಡೆ ಪ್ರತಿ ದೊಡ್ಡ ತಂಡವೂ ಬೇರೊಂದು ಊರಿನ ಸಣ್ಣ ತಂಡವನ್ನು ತನ್ನದಾಗಿಸಿಕೊಂಡಿರುತ್ತದಂತೆ. ಅಲ್ಲಿ ಪಳಗಿದ ಹುಡುಗರನ್ನು ಮೇಲಕ್ಕೆ ಕರೆಸುತ್ತಾರೆ, ಮೇಲೆ ಆಡಲಾರದವರನ್ನು ಕೆಳಕ್ಕೆ ಕಳಿಸುತ್ತಾರೆ. ಚಹಾ ಕುಡಿಯುತ್ತ ಕೇಳಿದ ಇಷ್ಟನ್ನೇ ನಾನು ನಮ್ಮ ಕ್ರಿಕೆಟ್ ತಂಡದ ಮೀಟಿಂಗಿನಲ್ಲಿ ದೊಡ್ಡ ಪಂಡಿತನಂತೆ ವಿವರಿಸಿದೆ. ನಮ್ಮದು ದುಬೈಯಲ್ಲಿರುವ ಉಡುಪಿ, ಕಾರ್ಕಳ ಕಡೆಯವರ ತಂಡ. ನಾನು ಅದರ ಕಾರ್ಯದರ್ಶಿ ಮತ್ತು ವಿಕೆಟ್ ಕೀಪರ್. ಎಲ್ಲರೂ ಚಪ್ಪಾಳೆ ತಟ್ಟಿದರು. ನಮಗೂ ಒಂದು ಕೆಳಗಿನ ತಂಡ ಬೇಕೆಂದು ತೀರ್ಮಾನವಾಯಿತು.

ಆರಿಸುವ ಕೆಲಸ ಕ್ಯಾಪ್ಟನ್ ಸುಧೀರನದು. ದುಬೈಯೊಳಗೇ ಇರುವ ಊದ್ ಮೇಥಾದಲ್ಲಿ ಕಾಲೇಜು ವಯಸ್ಸಿನ ಹುಡುಗರ ಒಳ್ಳೆಯ ತಂಡವೊಂದಿತ್ತು, ಹತ್ತಿರವೂ ಹೌದು. ಸುಧೀರ ಅದನ್ನು ಬಿಟ್ಟು ಒಂದೂವರೆ ಗಂಟೆ ದೂರದ ಅಲ್ ಐನ್ ತಂಡವನ್ನು ಆರಿಸಿದ. ಅದರಲ್ಲಿದ್ದವರು ಮೂವರು ಮೇಷ್ಟ್ರು, ಭಟ್ಕಳದ ಒಬ್ಬ ಬಟ್ಟೆ ಅಂಗಡಿ ಮಾಲೀಕರು, ಉಳಿದವರು ಆಸ್ಪತ್ರೆಯ ನೌಕರರು. ಅವರಲ್ಲಿ ತೀರ ಚಿಕ್ಕವನಿಗೇ ಮಗಳ ಮದುವೆಯ ಚಿಂತೆ. ಇವರನ್ನು ಮೇಲಕ್ಕೆ ತರಬೇಕಾದರೆ ಲಿಫ್ಟೇ ಬೇಕಾದೀತೆಂದು ನಾನು ವಾಟ್ಸಪ್ಪಿನಲ್ಲಿ ಬರೆದೆ. ಬಹಳ ಮಂದಿ ನಕ್ಕರು. ಆದರೆ ನಗು ಹೆಚ್ಚು ದಿನ ಉಳಿಯಲಿಲ್ಲ.

ಆ ತಿಂಗಳೇ ಸುಧೀರ ನನ್ನನ್ನು ಪಕ್ಕಕ್ಕೆ ಕರೆದ. "ಶೇಖರಣ್ಣ, ಬೇಜಾರು ಮಾಡ್ಬೇಡಿ. ನಿಮ್ಮ ಮಂಡಿ ಈಗ ಬಗ್ಗುದಿಲ್ಲ ಮಾರಾಯ್ರೆ. ಸ್ವಲ್ಪ ಸಮಯ ಅಲ್ ಐನಿಗೆ ಆಡಿ."

ನಾನೇ ಹೊತ್ತು ತಂದ ಪದ್ಧತಿಗೆ ನಾನೇ ಮೊದಲ ಬಲಿಯಾದೆ. ಕಾರ್ಕಳದಲ್ಲಿರುವ ಹೆಂಡತಿ ವಸಂತಿಗೆ ವಿಡಿಯೋ ಕಾಲ್‌ನಲ್ಲಿ ಇದನ್ನು ಹೇಳಿದಾಗ ಅವಳು ನಕ್ಕಿದ್ದು ಇನ್ನಷ್ಟು ಉರಿಸಿತು. ಅಲ್ ಐನ್ ಬೇಡ, ಊದ್ ಮೇಥಾ ಬೇಕು ಎಂದು ಒಂದು ಅರ್ಜಿ ಬರೆದೆ. ಮೊದಲ ಸಹಿ ನನ್ನದೇ. ಮುಕ್ಕಾಲು ತಂಡ ಸಹಿ ಹಾಕಿತು. ಮುಂದಿನ ಶುಕ್ರವಾರದ ಮೀಟಿಂಗಿನಲ್ಲಿ ತೀರ್ಮಾನ.

ಅಷ್ಟರಲ್ಲಿ ಅಲ್ ಐನಿನಲ್ಲಿ ದುಬೈ ವಿರುದ್ಧವೇ ಒಂದು ಪಂದ್ಯವಿತ್ತು. ಅಲ್ಲಿಯ ಪಂದ್ಯಗಳ ಬಗ್ಗೆ ಕಾರ್ಯದರ್ಶಿಯಾದ ನನಗೆ ಎರಡು ವಿಷಯ ಅರ್ಥವಾಗಿರಲಿಲ್ಲ. ಒಮ್ಮೆ ಶನಿವಾರ ಬೆಳಿಗ್ಗೆ, ಇನ್ನೊಮ್ಮೆ ಭಾನುವಾರ ಸಂಜೆ ಎಂದು ಸುಧೀರ ತನಗೆ ತೋಚಿದ ಹೊತ್ತು ಹೇಳುತ್ತಿದ್ದ. ಮತ್ತೆ, ಎಲ್ಲ ಕಡೆ ಮೊದಲು ಬ್ಯಾಟಿಂಗಿಗೆ ಇಳಿಯುವ ಈ ಆಸಾಮಿ ಅಲ್ ಐನಿನಲ್ಲಿ ಮಾತ್ರ ಹನ್ನೊಂದನೆಯವನಾಗಿ ಬರುತ್ತಿದ್ದ.

ಮೂರನೇ ಓವರಿನಲ್ಲಿ ಚೆಂಡು ನನ್ನ ಕಾಲಸಂದಿಯಲ್ಲಿ ನುಸುಳಿ ಗೆರೆ ದಾಟಿತು. ನಮ್ಮ ಹಿರಿಯರು ಯಾರೂ ಅಲುಗಲಿಲ್ಲವಾದ್ದರಿಂದ ನಾನೇ ಹುಡುಕಿಕೊಂಡು ಹೋದೆ. ಗೆರೆಯಾಚೆ, ಎಲ್ಲರಿಂದ ದೂರದ ಮರದಡಿಯಲ್ಲಿ ಸುಧೀರ ಪ್ಯಾಡ್ ಕಟ್ಟಿಕೊಂಡು ಕೂತಿದ್ದ. ಪಕ್ಕದಲ್ಲಿ ಆಸ್ಪತ್ರೆಯ ಬಿಳಿ ಶೂ ಹಾಕಿಕೊಂಡ ಒಬ್ಬಳು ಕಿತ್ತಳೆ ಸುಲಿಯುತ್ತಿದ್ದಳು.

"ನೀವು ಶೇಖರಣ್ಣ ಅಲ್ವಾ? ನಾನು ವಿನುತಾ, ಇವರ ಹೆಂಡ್ತಿ," ಎಂದಳು.

ಸುಧೀರನಿಗೆ ಮದುವೆಯಾಗಿದೆಯೆಂದು ಗೊತ್ತಿತ್ತು. ಹೆಂಡತಿ ಊರಿನಲ್ಲಿದ್ದಾಳೆಂದು ನಾವೆಲ್ಲ ತಿಳಿದಿದ್ದೆವು, ನಮ್ಮೆಲ್ಲರ ಹೆಂಡತಿಯರ ಹಾಗೆ. ಅವಳು ಆರು ತಿಂಗಳಿಂದ ಅಲ್ ಐನಿನ ಆಸ್ಪತ್ರೆಯಲ್ಲಿ ನರ್ಸ್. ನರ್ಸುಗಳ ವಸತಿಯೊಳಗೆ ಗಂಡಸರಿಗೆ ಪ್ರವೇಶವಿಲ್ಲ. ಇವನದು ದುಬೈಯ ಕಾರ್ಮಿಕರ ಕ್ಯಾಂಪಿನ ಒಂದು ಕೋಣೆಯಲ್ಲಿ ಆರು ಹಾಸಿಗೆ. ಬಸ್ಸು ಬದಲಿಸಿ ಬದಲಿಸಿ ಇವನು ಬರುವಷ್ಟರಲ್ಲಿ ಅವಳಿಗೆ ಮತ್ತೆ ಡ್ಯೂಟಿ.

"ಇವಳ ಡ್ಯೂಟಿ ಲಿಸ್ಟ್ ಬಂದ ಮೇಲೆಯೇ ನಾನು ಮ್ಯಾಚಿನ ಟೈಮ್ ಇಡುದು," ಎಂದ ಸುಧೀರ, ತಲೆಯೆತ್ತದೆ. "ಊದ್ ಮೇಥಾ ಆದ್ರೆ ಇನ್ನು ಈಚೆ ನಮ್ಮ ತಂಡದ ವ್ಯಾನ್ ಬರುದಿಲ್ಲ, ಅಲ್ವಾ?"

ಅರ್ಜಿ ನನ್ನ ಕಿಟ್ ಬ್ಯಾಗಿನಲ್ಲೇ ಇತ್ತು. ವಿನುತಾ ನನ್ನ ಗ್ಲೌಸಿನ ಅಂಗೈ ಮೇಲೆ ಎರಡು ಕಿತ್ತಳೆ ತೊಳೆ ಇಟ್ಟಳು. ಅವರಿಬ್ಬರನ್ನು ನೋಡಿ ನನಗಾದದ್ದು ಕರುಣೆಯೆಂದು ಬರೆದರೆ ಸುಳ್ಳಾಗುತ್ತದೆ. ನನಗೆ ಹೊಟ್ಟೆಕಿಚ್ಚಾಯಿತು. ಹತ್ತು ಓವರುಗಳಷ್ಟಾದರೂ ಅವರು ಒಂದೇ ಮರದ ಕೆಳಗೆ ಕೂರುತ್ತಿದ್ದರು. ವಸಂತಿ ಕಿತ್ತಳೆ ಸುಲಿದು ಕೊಟ್ಟದ್ದು ಯಾವಾಗಲೆಂದು ನೆನಪಾಗಲಿಲ್ಲ. ಆ ದಿನ ಆಮೇಲೆ ನಾನು ಎಷ್ಟು ಚೆಂಡು ಬಿಟ್ಟೆನೆಂದು ಕೇಳಬೇಡಿ.

ಶುಕ್ರವಾರ ಮೀಟಿಂಗಿನಲ್ಲಿ ಎದ್ದು ನಿಂತು ಅಲ್ ಐನ್ ತಂಡದ ಗುಣಗಾನ ಮಾಡಿದೆ. ಹಿರಿಯರ ಅನುಭವ, ಅಲ್ಲಿಯ ಒಳ್ಳೆಯ ಗಾಳಿ, ಪಂದ್ಯದ ನಂತರದ ಮೀನು ಸಾರು, ಯಾವುದನ್ನೂ ಬಿಡಲಿಲ್ಲ. ನಿಜವಾದ ಕಾರಣವನ್ನು ಮಾತ್ರ ಹೇಳಲಿಲ್ಲ, ಅದು ಸುಧೀರನ ಸ್ವಂತದ್ದು.

"ಎಂತ ಮಾರಾಯ್ರೆ, ಅರ್ಜಿಯಲ್ಲಿ ಮೊದಲ ಸಹಿ ನಿಮ್ಮದೇ ಉಂಟಲ್ಲ?" ಎಂದು ನಮ್ಮ ಅಧ್ಯಕ್ಷರು ಕೇಳಿದರು.

"ಮಂಡಿ ನೋವಿನಲ್ಲಿ ಹಾಕಿದ್ದು," ಎಂದೆ.

"ಅಷ್ಟು ಒಳ್ಳೆ ತಂಡ ಆದ್ರೆ ನೀವು ಅಲ್ಲೇ ಇರಿ. ಖಲಾಸ್."

ಸುಧೀರ ನನ್ನತ್ತ ಒಮ್ಮೆ ನೋಡಿ ಮುಖ ತಿರುಗಿಸಿಕೊಂಡ. ಹಾಗೆ ಅಲ್ ಐನ್ ಉಳಿಯಿತು, ಅಲ್ ಐನಿನಲ್ಲಿ ನಾನೂ ಉಳಿದೆ.

ಸಂಜೆ ವಸಂತಿಗೆ ಎಲ್ಲವನ್ನೂ ಹೇಳಿದೆ. ಈ ಸಲ ಅವಳು ನಗಲಿಲ್ಲ.

"ಕಾರ್ಕಳದಲ್ಲಿ ಅದಕ್ಕಿಂತ ಕೆಳಗಿನ ತಂಡ ಯಾವ್ದೂ ಇಲ್ವಾ?" ಎಂದಳು. "ನಿಮ್ಮನ್ನು ಇಲ್ಲಿಗೇ ಇಳಿಸ್ಲಿಕ್ಕೆ ಹೇಳಿ."

ಊದ್ ಮೇಥಾ ಬೇಕೆಂದು ಅರ್ಧ ಗಂಟೆಯಲ್ಲಿ ಅರ್ಜಿ ಬರೆದವನು ನಾನು. ಊರಿಗೆ ಇಳಿಯುವ ಈ ಅರ್ಜಿಯನ್ನು ಮಾತ್ರ ಹನ್ನೊಂದು ವರ್ಷಗಳಿಂದ ಬರೆಯುತ್ತಲೇ ಇದ್ದೇನೆ.