ಮಗ್ಗದ ಸದ್ದಿನಲ್ಲಿ ಕಂಡ ನಗೆಚಿತ್ರಗಳು

ಒಂದು ಭಾನುವಾರ ಊಟವಾದ ಮೇಲೆ ಮುಧೋಳದ ನಮ್ಮ ಮನೆಯಲ್ಲಿ ಟಿವಿ ಹಚ್ಚಿದರೆ ಹಳೆಯದೊಂದು ನಗೆಚಿತ್ರ ಬರುತ್ತಿತ್ತು. ನಾಯಕ ಸೀರೆ ಉಟ್ಟು, ಹೆಣ್ಣಿನ ವೇಷದಲ್ಲಿ ಮಾವನ ಮನೆ ಸೇರುವ ಕಥೆ. ಇಂಥವು ನೂರು ಬಂದಿವೆ ಎನ್ನುತ್ತೀರಿ. ಬಂದಿರಲಿ, ಇದು ನನ್ನ ಸಿನಿಮಾ. ಹದಿನೈದು ವರ್ಷಗಳಿಂದ ಕಾಲೇಜಿನ ಸ್ಟಾಫ್ ರೂಮಿನಲ್ಲಿ ನಾನು ಇದರ ವಕೀಲ. ಅಡುಗೆಮನೆಯಲ್ಲಿದ್ದ ಹೆಂಡತಿಯನ್ನು ಕೂಗಿ ಕರೆದೆ. "ಲಗೂನ ಬಾ, ಮಾವ ಸೀರಿ ಸೆರಗು ಹಿಡದು ಒಂದು ಮಾತು ಹೇಳತಾನ ನೋಡು."

ಮಾವ ಸೆರಗು ಹಿಡಿದ, ಬಾಯಿ ಅಗಲಿಸಿದ, "ನಮ್ಮನೆಗೆ ಲಕ್ಷ್ಮಿ ಬಂದ ಹಾಗಾಯ್ತು ಕಣಮ್ಮಾ" ಎಂದ. ಅಷ್ಟೇ. ಹಾಡು ಶುರುವಾಯಿತು.

"ಎಲ್ಲೈತ್ರಿ ನಿಮ್ಮ ಜೋಕು?" ಎಂದಳು ಹೆಂಡತಿ.

ನನಗೆ ಬಾಯಿಪಾಠವಾಗಿದ್ದ ಮಾತೇ ಬೇರೆ. ಮಾವ ಸೆರಗನ್ನು ಎರಡು ಬೆರಳಲ್ಲಿ ತಿಕ್ಕಿ ನೋಡಿ, "ಇದು ಬನಹಟ್ಟಿ ಸೀರಿ, ಎರಡ ಒಗತಕ್ಕ ಬಣ್ಣಾ ಬಿಡತೈತಿ. ಒಗ್ಯೂದ್ರಾಗ ಲಗ್ನಾ ಮುಗಸ್ರಿ" ಎನ್ನಬೇಕಾಗಿತ್ತು. ಬೆಂಗಳೂರಿನವರು ತೆಗೆದ ಸಿನಿಮಾದೊಳಗೆ ಬನಹಟ್ಟಿ ಸೀರೆ ಹೇಗೆ ಬಂತು ಎಂದು ನಾನು ಒಮ್ಮೆಯೂ ಕೇಳಿಕೊಂಡಿರಲಿಲ್ಲ. ಬದಲಿಗೆ, ನಿರ್ದೇಶಕನಿಗೆ ನಾಡಿನ ಮೂಲೆಮೂಲೆಯ ಬದುಕು ಗೊತ್ತು ಎಂದು ಅರ್ಧ ತಾಸು ಭಾಷಣ ಮಾಡಿದ್ದೆ. ಇದೊಂದು ಮಾತು ಹೀಗಾದರೆ, ಹಗುರ ಸಿನಿಮಾಗಳ ಬಗ್ಗೆ ನಾನು ಹಂಚಿದ ಉಳಿದ ಅಭಿಪ್ರಾಯಗಳ ಗತಿಯೇನು? ಅವನ್ನೆಲ್ಲ ನಾನು ಸಂಪಾದಿಸಿದ್ದು ಒಂದೇ ಮನೆಯಲ್ಲಿ, ಬನಹಟ್ಟಿಯ ನಮ್ಮ ಚಿಗವ್ವನ ಮನೆಯಲ್ಲಿ. "ಹೋಗಿ ಅವರನ್ನ ಕೇಳಿ ಬರ್ರಿ" ಎಂದು ಹೆಂಡತಿ ಟಿವಿ ಆರಿಸಿದಳು.

ಚಿಗವ್ವ ಎಂದರೆ ನನ್ನ ತಾಯಿಯ ತಂಗಿ. ಅನಗವಾಡಿ ಕಡೆಯ ನಮ್ಮ ಹೊಲಮನೆ ಅಣೆಕಟ್ಟಿನ ಹಿನ್ನೀರಿಗೆ ಹೋಗುವ ಗಡಿಬಿಡಿಯಲ್ಲಿ, ಹುಡುಗನ ಬಿ.ಎ. ಕೆಡಬಾರದೆಂದು ಅಪ್ಪ ನನ್ನನ್ನು ಎರಡು ವರ್ಷ ಅವಳ ಮನೆಯಲ್ಲಿ ಬಿಟ್ಟಿದ್ದ. ಅವಳ ಗಂಡ, ನಾವು ಕಾಕಾ ಎನ್ನುವವರು, ಮನೆಯ ಮುಂದಿನ ಅರ್ಧದಲ್ಲಿ ಎಂಟು ಪಾವರ್‌ಲೂಮ್ ಹಾಕಿಕೊಂಡಿದ್ದರು. ಎಡಗಡೆಯ ಮನೆಯಲ್ಲಿ ಹತ್ತು, ಬಲಗಡೆಯ ಮನೆಯಲ್ಲಿ ಹನ್ನೆರಡು, ಎದುರಿನ ಸಾಲಿನಲ್ಲಿ ಎಣಿಸಿದವರಿಲ್ಲ. ಆಗ ವಿಸಿಡಿ ಬಂದ ಹೊಸತು. ಕಾಕಾ ಬಲು ಹೌಸಿನಿಂದ ಪ್ಲೇಯರ್ ತಂದಿದ್ದರು. ಕರೆಂಟ್ ಇದ್ದಾಗ ಮಗ್ಗಗಳ ಖಟಾಖಟ್ಟಿನಲ್ಲಿ ಸಿನಿಮಾದ ಒಂದಕ್ಷರ ಕೇಳುತ್ತಿರಲಿಲ್ಲ. ಕರೆಂಟ್ ಹೋದರೆ ಮಗ್ಗ ನಿಂತು ಓಣಿಯೆಲ್ಲ ಗಪ್ಪಾಗುತ್ತಿತ್ತು, ಜೊತೆಗೆ ಟಿವಿಯೂ ಆರುತ್ತಿತ್ತು. ಮಾತಿನ ಸಿನಿಮಾ ಬಂದು ಎಷ್ಟೋ ಕಾಲವಾಗಿದ್ದರೂ ನಮ್ಮ ಓಣಿಗೆ ಇನ್ನೂ ಬಂದಿರಲಿಲ್ಲ.

ಆದರೆ ನೇಕಾರರ ಓಣಿಗೆ ಅದರದೇ ಒಂದು ವಿದ್ಯೆ ಇದೆ. ಮಗ್ಗದ ನಡುವೆ ಯಾರೂ ಕೂಗುವುದಿಲ್ಲ, ತುಟಿಯಲ್ಲೇ ಮಾತಾಡುತ್ತಾರೆ. ನೂಲು ಕಡಿದದ್ದು, ಚಹಾ ಆರಿದ್ದು, ಸೊಸೆ ಮುನಿದದ್ದು, ಎಲ್ಲವೂ ಧ್ವನಿಯಿಲ್ಲದೆ ಈ ತುದಿಯಿಂದ ಆ ತುದಿಗೆ ಹೋಗುತ್ತದೆ. ಚಿಗವ್ವ ಇದರಲ್ಲಿ ಇಡೀ ಓಣಿಗೆ ಮಿಗಿಲು. ಎದುರು ಮನೆಯ ಮಾಳಿಗೆಯ ಮೇಲೆ ನಿಂತವರ ಜಗಳವನ್ನೂ ಓದಿ ಹೇಳುತ್ತಿದ್ದಳು.

ಸಿನಿಮಾ ಹಚ್ಚಿದಾಗ ಅವಳು ಟಿವಿಯ ಮಗ್ಗುಲಿಗೆ, ಮುಖ ನಮ್ಮ ಕಡೆ ಮಾಡಿ, ಮೊರದಲ್ಲಿ ಶೇಂಗಾ ಸುಲಿಯುತ್ತ ಕೂರುತ್ತಿದ್ದಳು. ಅರ್ಧ ಕಣ್ಣು ಪರದೆಯ ಮೇಲೆ. ಯಾರಾದರೂ ಬಾಯಿ ತೆರೆದರೆ ಮೊದಲು ಕಾಕಾನ ಕಡೆ ತಿರುಗಿ ತುಟಿಯಲ್ಲಿ ಹೇಳುತ್ತಿದ್ದಳು. ಕಾಕಾನ ಭುಜ ಕುಣಿಯುತ್ತಿತ್ತು. ಆಮೇಲೆ, ತುಟಿ ಓದಲು ಬಾರದ ಅನಗವಾಡಿಯ ದಡ್ಡನಾದ ನನ್ನ ಕಡೆ ಬಾಗಿ ಕಿವಿಯಲ್ಲಿ ಕೂಗುತ್ತಿದ್ದಳು. ನನ್ನ ನಗು ಯಾವಾಗಲೂ ಎರಡನೆಯ ಸರದಿಯದು. ಹಿರಿಯರಿಗೆ ಮೊದಲ ಪಾಲು, ಇರಲಿ ಎಂದುಕೊಂಡಿದ್ದೆ. ನಾಯಕ ರೌಡಿಗಳಿಗೆ ಹೆದರಿ ಓಡಿದರೆ ನಾಯಕಿ, "ಮುಧೋಳ ನಾಯಿಗತೆ ಓಡಾಕತ್ತಾನ, ಆದ್ರ ನಾಯಿಗೆ ಎತ್ತಾಗ ಓಡಬೇಕನ್ನೂದು ಗೊತ್ತಿರತೈತಿ" ಎನ್ನುವಳು. ಇಂಥ ಮಾತು ಬರೆದವರು ಯಾರಪ್ಪ ಎಂದು ಬೆರಗಾಗುತ್ತಿದ್ದೆ.

ಸಿನಿಮಾ ಮುಗಿದ ಮೇಲೆ, ಕರೆಂಟ್ ಹೋಗಿ ಓಣಿ ಗಪ್ಪಾದಾಗ, ನನ್ನ ಅಭಿಪ್ರಾಯ. ಹಗುರ ಸಿನಿಮಾ ಥಿಯೇಟರಿನಲ್ಲಿ ನೋಡುವುದಲ್ಲ, ಮನೆಯಲ್ಲಿ ನೋಡಬೇಕು. ನಡುವೆ ಎದ್ದು ಹಾಲು ಇಳಿಸಿ ಬಂದರೂ ಕಥೆ ಬಿಟ್ಟಲ್ಲೇ ನಿಂತಿರಬೇಕು. ಹೀಗೆಲ್ಲ ನಾನು ಗೋಡೆ ನೋಡುತ್ತ ಗಂಭೀರವಾಗಿ ಹೇಳುತ್ತಿದ್ದೆ. ಕಾಕಾ ಒಂದೊಂದು ಮಾತಿಗೂ ತಲೆಯಾಡಿಸುತ್ತಿದ್ದರು. ನನ್ನನ್ನು ಅಷ್ಟು ಶ್ರದ್ಧೆಯಿಂದ ಒಪ್ಪಿಕೊಂಡವರು ನನ್ನ ವಿದ್ಯಾರ್ಥಿಗಳಲ್ಲೂ ಇಲ್ಲ.

ಒಂದೇ ಒಂದು ಸಲ ಜಗಳವಾಗಿತ್ತು. ಅಮಾವಾಸ್ಯೆಗೆ ಓಣಿಯ ಮಗ್ಗಗಳೆಲ್ಲ ಬಂದ್. ಈ ದಿನವಾದರೂ ಸಿನಿಮಾದ ಮಾತು ಕೇಳೋಣವೆಂದು ನಾನು ಹೊಸ ಸಿಡಿ ತಂದು, ಅಕ್ಕಪಕ್ಕದವರನ್ನೂ ಕರೆದಿದ್ದೆ. ಎಲ್ಲರೂ ಬಂದು ಕೂತ ಮೇಲೆ ಚಿಗವ್ವ ಟಿವಿಯ ವಾಯರ್ ಕಿತ್ತು ಸೊಂಟಕ್ಕೆ ಸಿಕ್ಕಿಸಿಕೊಂಡಳು. "ಅಮಾಸಿ ದಿನಾ ಸಿನಿಮಾ ನೋಡಬಾರದು."

"ಯಾವ ಶಾಸ್ತ್ರದಾಗ ಐತಿ?"

"ನಮ್ಮ ಮನಿ ಶಾಸ್ತ್ರದಾಗ."

ಬಂದವರು ಚಹಾ ಕುಡಿದು ಎದ್ದು ಹೋದರು. ನಾನು ಎರಡು ದಿನ ಮುಖ ಊದಿಸಿಕೊಂಡಿದ್ದೆ. ಮುಂದೆ ಮೇಷ್ಟರಾದ ಮೇಲೆ, ಮೂಢನಂಬಿಕೆಯ ಪಾಠಕ್ಕೆ ಇದನ್ನೇ ಉದಾಹರಣೆಯಾಗಿ ಕೊಡುತ್ತ ಬಂದೆ.

ಮುಂದಿನ ಭಾನುವಾರ ಹೆಂಡತಿಯೊಂದಿಗೆ ಬನಹಟ್ಟಿಗೆ ಹೋದೆ. ಮಗ್ಗಗಳನ್ನು ಚಿಗವ್ವನ ಮಗ ಊರಾಚೆಯ ಶೆಡ್ಡಿಗೆ ಸಾಗಿಸಿದ್ದಾನೆ, ಮನೆ ಈಗ ತಣ್ಣಗಿದೆ. ಕಾಕಾನ ಕಿವಿಯ ಹಿಂದೆ ಒಂದು ಮಷೀನು ಕೂತಿದೆ. ವಯಸ್ಸಾಯಿತು, ಸಹಜ ಎಂದುಕೊಂಡೆ. ಚಿಗವ್ವ ಒಳಗೆ ಉಪ್ಪಿಟ್ಟಿಗೆ ಒಗ್ಗರಣೆ ಹಾಕುತ್ತಿದ್ದಳು. ನಾನು ಒಳಗೆ ಹೋಗಿ ಸೀರೆಯ ಜೋಕಿನ ಸಂಗತಿ ತೆಗೆದೆ.

"ಖರೆ ಹೇಳು ಚಿಗವ್ವ. ಆ ಮಾತೆಲ್ಲಾ ನೀನ ಹುಟ್ಟಿಸಿದ್ದೇನು?"

"ಮತ್ತೇನ ಮಾಡಲಿ? ಬೆಂಗಳೂರವರ ತುಟಿ ನಮಗ ಹತ್ತೂದಿಲ್ಲ. ಬಾಯಿ ತಗದಷ್ಟ ಹೊತ್ತಿಗೆ ಹೊಂದೂವಂಗ ಒಂದು ಮಾತು ಹಾಕತಿದ್ದೆ."

"ನನ್ನ ಸಲುವಾಗಿ ಇಷ್ಟ ತ್ರಾಸ ತಗೊಂಡಿ?"

ಅವಳು ಸೌಟು ನಿಲ್ಲಿಸಿ ನನ್ನನ್ನು ನೋಡಿದಳು. "ನಿನ್ನ ಸಲುವಾಗಿ ಯಾಕಪ್ಪಾ? ನೀ ಬರೂ ಮೊದಲ ನಿಮ್ಮ ಕಾಕಾಂದು ಎರಡೂ ಕಿವಿ ಹೋಗಿದ್ವು. ಯಾರಿಗೂ ಹೇಳಬ್ಯಾಡ ಅಂದಿದ್ರು. ಮಗ್ಗದಾಗ ಇದ್ದವರಿಗೆ ಗೊತ್ತ ಆಗೂದಿಲ್ಲ, ಎಲ್ಲಾರೂ ತುಟೀಲೆ ಮಾತಾಡೂದು. ಮಗ್ಗ ತಿರಗೂಮಟಾ ಈ ಓಣ್ಯಾಗ ಯಾರಿಗೂ ಕಿವಿ ಇಲ್ಲ. ಅಮಾಸಿ ದಿನಾ ಹಂಗಲ್ಲಲ್ಲ. ಮಂದಿ ಎಲ್ಲಾ ಕೇಳಿ ನಗತೈತಿ. ಅವರೊಬ್ಬರು ಸುಮ್ಮ ಕುಂತ್ರ?"

ನನಗೆ ನಾಚಿಕೆಯಾಯಿತು. ಎರಡು ವರ್ಷ ಒಂದೇ ಮನೆಯಲ್ಲಿ ಉಂಡು, ಒಂದೇ ಮಂಚದ ಮೇಲೆ ಕೂತು ಸಿನಿಮಾ ನೋಡಿದವನು ನಾನು. ಪಕ್ಕದವರಿಗೆ ಕೇಳಿಸುವುದಿಲ್ಲ ಎಂಬುದನ್ನೇ ಕಾಣದೆ ಅವರಿಗೆ ಅಭಿಪ್ರಾಯ ಹೇಳುತ್ತಿದ್ದೆ. ಆ ತಲೆಯಾಡಿಸುವಿಕೆ ನೆನೆದು ಈಗಲೂ ಬೆವರುತ್ತೇನೆ.

ಹೊರಗೆ ನನ್ನ ಹೆಂಡತಿ, ಪಾಪ ಏನೂ ಅರಿಯದೆ, ನಾವು ತಂದಿದ್ದ ಆ ಸಿನಿಮಾದ ಸಿಡಿಯನ್ನೇ ಹಚ್ಚಿದ್ದಳು. ತಡೆಯಬೇಕೆಂದು ಓಡಿಬಂದೆ. ಅಷ್ಟರಲ್ಲಿ ಮಾವ ಸೆರಗು ಹಿಡಿದಾಗಿತ್ತು. "ಲಕ್ಷ್ಮಿ ಬಂದ ಹಾಗಾಯ್ತು ಕಣಮ್ಮಾ" ಎಂಬುದು ತಣ್ಣಗಿನ ಮನೆಯಲ್ಲಿ ಸ್ಪಷ್ಟವಾಗಿ ಕೇಳಿಸಿತು. ಮಷೀನು ಹಾಕಿಕೊಂಡಿದ್ದ ಕಾಕಾನಿಗೂ ಕೇಳಿಸಿತು.

"ಇದು ಅದಲ್ಲ" ಎಂದರು ಕಾಕಾ. "ಅದರಾಗ ಮಾವ ಭಾಳ ಶ್ಯಾಣ್ಯಾ ಇದ್ದ."

ಚಿಗವ್ವ ಉಪ್ಪಿಟ್ಟಿನ ತಾಟು ಹಿಡಿದು ಬಾಗಿಲಲ್ಲಿ ನಿಂತಿದ್ದಳು. "ಅದ ಐತ್ರೀ" ಎಂದಳು ಸಣ್ಣ ಧ್ವನಿಯಲ್ಲಿ.

ಕಾಕಾ ಅವಳನ್ನು ನೋಡಿದರು. ಆಮೇಲೆ ಕಿವಿಯ ಮಷೀನು ತೆಗೆದು, ಕರವಸ್ತ್ರದಲ್ಲಿ ಸುತ್ತಿ, ಅಂಗಿಯ ಕಿಸೆಗೆ ಹಾಕಿದರು. ಕುರ್ಚಿಯನ್ನು ಟಿವಿಯ ಕಡೆಯಿಂದ ಅವಳ ಕಡೆ ತಿರುಗಿಸಿಕೊಂಡರು.

"ಖರೆ ಸಿನಿಮಾ ಹಚ್ಚು" ಎಂದರು.

ನಾನು ಟಿವಿಯ ಧ್ವನಿ ಪೂರ್ತಿ ಇಳಿಸಿದೆ. ಚಿಗವ್ವ ಟಿವಿಯ ಮಗ್ಗುಲಿಗೆ ತನ್ನ ಹಳೆಯ ಜಾಗದಲ್ಲಿ ಕೂತಳು. ಪರದೆಯ ಮೇಲೆ ಮಾವ ಮತ್ತೆ ಬಾಯಿ ತೆರೆದ. ಅವಳ ತುಟಿ ಸದ್ದಿಲ್ಲದೆ ಅಲ್ಲಾಡಿತು, ಕಾಕಾನ ಭುಜ ಕುಣಿಯತೊಡಗಿತು. "ಏನಂದ್ರು, ಏನಂದ್ರು?" ಎಂದು ಹೆಂಡತಿ ನನ್ನ ತೋಳು ಜಗ್ಗಿದಳು. ಈ ಸಲ ಚಿಗವ್ವ ನನ್ನ ಕಡೆ ಬಾಗಲಿಲ್ಲ. ನಾನೂ ಕೇಳಲಿಲ್ಲ.