ಎಡಗೆನ್ನೆಯ ಹಸಿರು

ಶಕುನ, ಸೂಚನೆ ಎಂದು ಯಾರಾದರೂ ಬಾಯಿ ತೆರೆದರೆ ನಾನು ನಗುತ್ತಿದ್ದೆ. ಇದನ್ನು ನೀವು ನಂಬಲೇಬೇಕೆಂಬ ಹಟವೂ ನನಗಿಲ್ಲ. ನನಗೇ ಇನ್ನೂ ಪೂರ್ತಿ ನಂಬಿಕೆ ಬಂದಿಲ್ಲ.

ಸ್ವಾತಂತ್ರ್ಯ ಬಂದ ಹೊಸತರಲ್ಲಿ ಮುಂಬಯಿಯಲ್ಲಿ ಚಿತ್ರಕಲೆ ಕಲಿಯುತ್ತಿದ್ದೆ. ಅಲ್ಲಿ ಹೊಸ ಚಿತ್ರಕಾರರದೇ ಮಾತು. ಇದ್ದುದನ್ನು ಇದ್ದಂತೆ ತೋರಿಸಲು ಕ್ಯಾಮರಾ ಸಾಕು, ನಮ್ಮ ಕೆಲಸ ಬಣ್ಣ ಮತ್ತು ಆಕಾರ ಎಂದು ಅವರ ಮುಂದಾಳುಗಳು ಹೇಳುತ್ತಿದ್ದರು. ಪ್ಯಾರಿಸ್ಸಿನವರು ಮುಖವನ್ನು ಒಡೆದು ಜೋಡಿಸಿದ ಚಿತ್ರಗಳ ಅಚ್ಚುಗಳಿಗಾಗಿ ನಾವು ಕಿತ್ತಾಡುತ್ತಿದ್ದೆವು. ಅದೇ ಹುರುಪಿನಲ್ಲಿ ನಾನೂ ಒಂದು ಹೆಣ್ಣಿನ ಮುಖ ಬರೆದೆ. ಎದುರಿಗೆ ಯಾರನ್ನೂ ಕೂರಿಸಿರಲಿಲ್ಲ. ಕಣ್ಣಿರಬೇಕಾದಲ್ಲಿ ಬರೀ ಬಿಳಿ, ಎಡಗೆನ್ನೆಯ ಮೇಲೆ ಮೂರೆಸಳಿನ ಹಸಿರು. ಗೆಳೆಯರು ಬೆನ್ನು ತಟ್ಟಿದರು, ನಾನು ಉಬ್ಬಿಹೋದೆ.

ರಜೆಗೆ ನಮ್ಮೂರು ಡಫಳಾಪುರಕ್ಕೆ ಬರುವಾಗ ಅದನ್ನೂ ತಂದೆ. ಪಕ್ಕದ ಮನೆಯ ಗಂಗವ್ವ ಕಾಕುವಿನ ಹಿರಿಯ ಮಗಳು ದಾನಮ್ಮ ಗಂಡನ ಮನೆಯಲ್ಲಿ ಜ್ವರ ಬಂದು ತೀರಿಕೊಂಡಳೆಂದು ಅವ್ವ ಆಗಲೇ ಹೇಳಿದ್ದು. ಚಿತ್ರ ಬರೆದಾಗ ನನಗದು ಗೊತ್ತಿರಲಿಲ್ಲ.

ಮರುದಿನ ಮಧ್ಯಾಹ್ನ ಮಜ್ಜಿಗೆ ಒಯ್ಯಲು ಬಂದ ಕಾಕು, ಗೋಡೆಗೆ ಒರಗಿಸಿದ್ದ ಚಿತ್ರದ ಮುಂದೆ ಕೂತುಬಿಟ್ಟರು. ನಮ್ಮ ದಾನಿ ಎಂದರು. ಅಳಲಿಲ್ಲ.

"ಕಾಕು, ಅದು ಯಾರೂ ಅಲ್ರಿ. ಬರೇ ಬಣ್ಣ," ಎಂದು ನಾನು ಮುಂಬಯಿಯ ಪಾಠವನ್ನೆಲ್ಲ ಒಪ್ಪಿಸಿದೆ. ಅವರ ಕಿವಿಗೆ ಅದು ಬೀಳಲಿಲ್ಲ.

ನಮ್ಮಲ್ಲಿ ಸತ್ತವರನ್ನು ಕೂರಿಸಿ, ವಿಭೂತಿ, ಬಿಲ್ವಪತ್ರೆ ಇಟ್ಟು ಹೂಳುತ್ತಾರೆ. ಮಣ್ಣು ಕೊಡುವ ಮೊದಲು ಮಗಳ ಕಣ್ಣಿನ ಮೇಲೆ ವಿಭೂತಿ ಬಳಿದು, ಎಡಗೆನ್ನೆಗೆ ಒಂದು ಪತ್ರೆ ಅಂಟಿಸಿದವರು ತಾವೊಬ್ಬರೇ ಎಂದು ಕಾಕು ಹೇಳಿದರು, ಜೋಳ ಹಸನು ಮಾಡುತ್ತ ಮಾತಾಡುವ ದನಿಯಲ್ಲಿ. ಪತ್ರೆ ಯಾಕೆ ಎಂದು ಅವ್ವ ಕೇಳಿದಳು.

"ಅಲ್ಲಿ ಹೊಡದ ಗುರುತ ಇತ್ತು. ಸಣ್ಣಾಕಿನ್ನೂ ಅದ ಮನಿಗೆ ಕೊಟ್ಟೀನಿ. ಬಾಯಿ ಮುಚಗೊಂಡ ಬಂದೆ."

ಆಮೇಲೆ ನನ್ನ ಕಡೆ ತಿರುಗಿ, "ಈ ಹಸರಿನ ಕೆಳಗ ಏನ ಬರದಿ, ತಮ್ಮಾ?" ಎಂದರು.

ಅಲ್ಲಿ ನಾನು ಮೊದಲು ಕಪ್ಪು ನೀಲಿಯನ್ನು ಬೆರಳುಗಳು ಮೂಡಿದಂತೆ ಉದ್ದುದ್ದ ಎಳೆದಿದ್ದೆ. ಅದು ಸೇರದೆ ಮೇಲೆ ಹಸಿರು ಹಚ್ಚಿದ್ದೆ. ಗೆಳೆಯರೂ ಅದನ್ನು ನೋಡಿರಲಿಲ್ಲ. ಕಾಕುವಿಗೆ ಇದ್ದದ್ದನ್ನು ಹೇಳಿಬಿಟ್ಟೆ.

ಅವರು ಎದ್ದು ಸೆರಗು ಸರಿಮಾಡಿಕೊಂಡು, ಲಗೂನ ಗಾಡಿ ಹೂಡಿಸು ಎಂದರು. ದೀಪ ಹಚ್ಚುವ ಹೊತ್ತಿಗೆ ಆ ಮನೆಯಿಂದ ಸಣ್ಣ ಮಗಳನ್ನು ಕರೆತಂದರು. ಅವಳು ಮತ್ತೆ ಅಲ್ಲಿಗೆ ಹೋಗಲಿಲ್ಲ.

ಆ ನೀಲಿಯನ್ನು ಯಾಕೆ ಎಳೆದೆ ಎಂದು ನನ್ನನ್ನು ಕೇಳಬೇಡಿ.